ಅಕ್ಕೋರ ಅಂಚೆ: ಮಳೆ ಇಲ್ಲದಾಗ ಎಡೆಕುಂಟಿ

ಈ ತಿಂಗಳು ಬಂದ ಪತ್ರಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಕಾಗದ ಕಂಡರೆ ಕಂತೆ ಮಾಡುವ ಚಾಳಿ ಇನ್ನೂ ಹೋಗಿಲ್ಲ. ಅತ್ತೆ-ಸೊಸೆ ಒಂದು ಕಂತೆ, ಮಕ್ಕಳ ಮೊಬೈಲು ಒಂದು ಕಂತೆ, ಸಾಲ-ಸೋಲ ಒಂದು ಕಂತೆ. ಈ ಸಲ ಇನ್ನೊಂದು ಕಂತೆ ಎಲ್ಲಕ್ಕಿಂತ ದಪ್ಪ ಆಯಿತು. ಅದರ ಮೇಲೆ ಪೆನ್ಸಿಲಿನಲ್ಲಿ ‘ನಿಂತು ಹೋಗಿದೆ’ ಅಂತ ಬರೆದೆ. ಓದು ನಿಂತಿದೆ, ಹಾಡು ನಿಂತಿದೆ, ವ್ಯಾಪಾರ ನಿಂತಿದೆ, ತೂಕದ ಮುಳ್ಳು ನಿಂತಿದೆ. ಮಾಡುವುದನ್ನು ಯಾರೂ ಬಿಟ್ಟಿಲ್ಲ, ಆದರೆ ಮುಂದಕ್ಕೆ ಹೋಗ್ತಾ ಇಲ್ಲ.

ಹಾಗಾಗಿ ಈ ಸಲ ಇದೊಂದೇ ಕಂತೆ. ಅತ್ತೆ-ಸೊಸೆಯರು ಒಂದು ತಿಂಗಳು ತಡೆದುಕೊಳ್ಳಬೇಕು.

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ನಮ್ಮದು ನವಲಗುಂದ ತಾಲ್ಲೂಕು. ಬಿ.ಎ. ಮುಗಿಸಿ ನಾಲ್ಕು ವರ್ಷದಿಂದ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದೇನೆ. ವಯಸ್ಸು 28. ಮೊದಲೆರಡು ವರ್ಷ ಅಂಕ ಏರುತ್ತಾ ಇತ್ತು. ಈಗ ಏಳು ತಿಂಗಳಿಂದ ಮಾಕ್ ಟೆಸ್ಟಿನಲ್ಲಿ ನೂರಕ್ಕೆ 58ರಿಂದ 62. ದಿನಕ್ಕೆ ಹತ್ತು ತಾಸು ಕೂತರೂ ಅಷ್ಟೇ. ನೇಮಕಾತಿಯ ನೋಟಿಫಿಕೇಶನ್ನೂ ಬರುತ್ತಿಲ್ಲ. ಓದಿದ್ದು ಮರೆತು ಹೋಗುತ್ತಿದೆ. ಭಾನುವಾರ ಅಪ್ಪನ ಫೋನ್ ಬಂದರೆ ಎತ್ತೋಕೆ ಮನಸ್ಸಾಗಲ್ಲ. ಬಿಟ್ಟು ಊರಿಗೆ ಹೋಗಲೇ? (ಹೆಸರು ಬೇಡ, ಸಪ್ತಾಪುರ)

ಅಕ್ಕೋರು: ತಮ್ಮಾ, ನಿನ್ನ ಪತ್ರದಲ್ಲಿ ಎರಡು ಸಂಕಟ ಒಂದರೊಳಗೊಂದು ಹೆಣೆದುಕೊಂಡಿವೆ. ಮೊದಲು ಅದನ್ನು ಬಿಡಿಸೋಣ. ನೋಟಿಫಿಕೇಶನ್ ಬರದೇ ಇರುವುದು ಒಂದು. ಅಂಕ ಏರದೇ ಇರುವುದು ಇನ್ನೊಂದು. ಮೊದಲನೆಯದಕ್ಕೆ ನೀನೂ ಏನೂ ಮಾಡೋಕಾಗಲ್ಲ, ನಾನೂ ಏನೂ ಮಾಡೋಕಾಗಲ್ಲ. ಎರಡನೆಯದು ನಿನ್ನ ಕೋಣೆಯೊಳಗಿನ ವಿಷಯ. ಇವೆರಡನ್ನೂ ಒಟ್ಟಿಗೆ ಹೊತ್ತುಕೊಂಡು ರಾತ್ರಿ ಮಲಗಿದರೆ ನಿದ್ದೆ ಹೇಗೆ ಬರುತ್ತೆ?

ಅಂಕದ ವಿಷಯ ಮೊದಲು. ಇನ್ನೊಂದು ಹೊಸ ಗೈಡು ತರಬೇಡ. ಸುಭಾಸ ರಸ್ತೆಗೆ ಹೋಗಿ ಹೊಸ ಪುಸ್ತಕ ಕೊಂಡ ದಿನ ಏನೋ ಮುಂದೆ ಹೋದ ಹಾಗೆ ಅನಿಸುತ್ತೆ. ಅದು ಪುಸ್ತಕದ ಹೊಸ ವಾಸನೆ ಅಷ್ಟೇ. ನಿನ್ನ ಹಳೆಯ ಹತ್ತು ಮಾಕ್ ಟೆಸ್ಟಿನ ಪೇಪರುಗಳನ್ನು ತೆಗೆ. ಅರವತ್ತು ಬಂತು ಅಂದರೆ ನಲವತ್ತು ಹೋಯಿತು. ಹತ್ತು ಪೇಪರಿನಲ್ಲಿ ಹೆಚ್ಚುಕಡಿಮೆ ನಾನೂರು ಪ್ರಶ್ನೆ. ಒಂದೊಂದರ ಮುಂದೆ ಕೆಂಪು ಪೆನ್ನಿನಲ್ಲಿ ಒಂದು ಅಕ್ಷರ ಬರಿ. ವಿಷಯ ಗೊತ್ತೇ ಇರಲಿಲ್ಲ ಅಂದರೆ ‘ಗೊ’. ಓದಿದ್ದೆ ಆದರೆ ಮರೆತೆ, ‘ಮ’. ಉತ್ತರ ಗೊತ್ತಿತ್ತು, ಪ್ರಶ್ನೆಯನ್ನೇ ತಪ್ಪಾಗಿ ಓದಿದೆ, ‘ಓ’. ಅಂದಾಜಿನ ಮೇಲೆ ಗುರುತು ಹಾಕಿದೆ, ‘ಅಂ’.

ಮೂರು ದಿನದ ಕೆಲಸ. ಬೇಸರದ ಕೆಲಸವೂ ಹೌದು. ಆದರೆ ನಾಲ್ಕು ಕಂತೆಗೂ ಬೇರೆ ಬೇರೆ ಮದ್ದು. ‘ಓ’ ಕಂತೆ ದಪ್ಪ ಇದ್ದರೆ ನೀನು ‘ಯಾವುದು ಸರಿಯಲ್ಲ’ ಅನ್ನೋದನ್ನು ‘ಯಾವುದು ಸರಿ’ ಅಂತ ಓದುವ ಅವಸರದ ಮನುಷ್ಯ. ಅದಕ್ಕೆ ಇತಿಹಾಸದ ಪುಸ್ತಕ ಇನ್ನೊಂದು ಸಲ ಓದಿ ಏನು ಪ್ರಯೋಜನ? ‘ಅಂ’ ದಪ್ಪ ಇದ್ದರೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಿ ನೀನು ಗಳಿಸಿದ್ದನ್ನು ನೀನೇ ಚೆಲ್ಲುತ್ತಿದ್ದೀಯ. ‘ಗೊ’ ಕಂತೆಗೆ ಮಾತ್ರ ಹೊಸ ಓದು ಬೇಕು. ನಾಲ್ಕು ವರ್ಷ ಓದಿದವನ ಪೇಪರಿನಲ್ಲಿ ಆ ಕಂತೆ ತೆಳ್ಳಗೇ ಇರುತ್ತೆ ಅಂತ ನನ್ನ ಅಂದಾಜು.

ಇದನ್ನು ಯಾಕೆ ಇಷ್ಟು ಗಟ್ಟಿಯಾಗಿ ಹೇಳ್ತೀನಿ ಅಂದರೆ, ನಮ್ಮ ಶಾಲೆಯಲ್ಲಿ ಹತ್ತನೇ ಇಯತ್ತೆಯ ಹುಡುಗಿಯೊಬ್ಬಳು ಗಣಿತದಲ್ಲಿ ಅರವತ್ತರ ಮೇಲೆ ಏರುತ್ತಲೇ ಇರಲಿಲ್ಲ. ಅವರಪ್ಪ ಎರಡು ಟ್ಯೂಷನ್ ಹಚ್ಚಿದ್ದರು. ಒಂದು ಸಂಜೆ ಅವಳ ಎಲ್ಲ ಉತ್ತರಪತ್ರಿಕೆ ಇಟ್ಟುಕೊಂಡು ಕೂತೆವು. ಹತ್ತು ತಪ್ಪಿನಲ್ಲಿ ಏಳು ತಪ್ಪು ಧನ-ಋಣ ಚಿಹ್ನೆಯದು. ಸಮ ಚಿಹ್ನೆಯ ಆ ಕಡೆಯಿಂದ ಈ ಕಡೆಗೆ ಸಂಖ್ಯೆ ತರುವಾಗ ಚಿಹ್ನೆ ಬದಲಿಸುವುದನ್ನು ಮರೆಯುತ್ತಿದ್ದಳು. ಪಾಪ, ಪ್ರಮೇಯ ಎಲ್ಲ ಬಾಯಿಪಾಠ! ಎರಡು ಟ್ಯೂಷನ್ನಿನವರೂ ಅವಳಿಗೆ ಪ್ರಮೇಯವನ್ನೇ ಮತ್ತೆ ಮತ್ತೆ ಹೇಳಿಕೊಡುತ್ತಿದ್ದರು.

ಈಗ ‘ಮ’ ಕಂತೆ, ಅಂದರೆ ಮರೆವು. ಇಲ್ಲಿ ನಿನಗೆ ನಮ್ಮಪ್ಪನ ವಿಷಯ ಹೇಳಬೇಕು. ನೀನು ನವಲಗುಂದದ ಹುಡುಗ, ಎರೆ ಹೊಲ ಕಂಡವನು. ಬೇಗ ಅರ್ಥ ಆಗುತ್ತೆ.

ನಮ್ಮೂರು ಅಣ್ಣಿಗೇರಿ ಹತ್ತಿರ. 1972ರ ಬರ ಬಂದಾಗ ನನಗೆ ಹದಿನೈದು. ಹಿಂಗಾರಿ ಜೋಳ ಬಿತ್ತಿದ್ದರು. ಹಿಂಗಾರಿ ಜೋಳಕ್ಕೆ ಮೇಲಿನ ಮಳೆಗಿಂತ ನೆಲದೊಳಗೆ ಕೂತ ಹಸಿಯೇ ಆಧಾರ ಅಲ್ವಾ. ಆ ವರ್ಷ ಆ ಹಸಿಯೂ ಅಷ್ಟಕ್ಕಷ್ಟೇ. ಜೋಳ ಮೊಣಕಾಲುದ್ದ ಬಂದು ಅಲ್ಲಿಗೇ ನಿಂತಿತು. ವಾರ ಬಿಟ್ಟು ಹೋಗಿ ನೋಡಿದರೂ ಅಷ್ಟೇ ಎತ್ತರ. ಎರೆ ನೆಲ ಬಿರುಕು ಬಿಡತೊಡಗಿತ್ತು. ನನ್ನ ಅಂಗೈ ಒಳಗೆ ಹೋಗುವಷ್ಟು ಅಗಲದ ಬಿರುಕು. ಕೈ ಹಾಕಿದರೆ ಒಳಗೆ ತಣ್ಣಗೆ ಅನಿಸುತ್ತಿತ್ತು.

ಓಣಿಯ ಗಂಡಸರು ಕಟ್ಟೆ ಮೇಲೆ ಕೂತು ಮೋಡ ನೋಡುತ್ತಿದ್ದರು. ನಮ್ಮಪ್ಪ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿ, ಎಡೆಕುಂಟಿ (ಸಾಲಿನ ನಡುವಿನ ಕಸ ತೆಗೆಯುವ ಕುಂಟೆ) ಹೂಡಿಕೊಂಡು ಸಾಲಿನ ನಡುವೆ ನಡೆಯುತ್ತಿದ್ದರು. ನನಗೆ ನಾಚಿಕೆ ಆಗಿತ್ತು. ಕಸವೇ ಇಲ್ಲದ ಹೊಲದಲ್ಲಿ ಎಡೆ ಹೊಡೆಯೋದು ಯಾಕೆ? ಬುತ್ತಿ ಕೊಡಲು ಹೋದಾಗ ಕೇಳೇಬಿಟ್ಟೆ.

“ಅಪ್ಪಾ, ಎಡಿ ಹೊಡದ್ರ ಮಳಿ ಬರತೈತೇನು?”

“ಮಳೀ ಸಲುವಾಗಿ ಅಲ್ಲವಾ. ಸೀಳು ಮುಚ್ಚಾಕತ್ತೀನಿ. ಇದ್ದ ಹಸಿ ಹಾರಬಾರದು.”

ಅಷ್ಟೇ ಹೇಳಿ ರೊಟ್ಟಿ ತಿಂದರು. ಎಡೆಕುಂಟಿಯ ಕುಡ ಮೇಲ್ಮಣ್ಣನ್ನು ಕೆರೆದು ಪುಡಿ ಮಾಡುತ್ತೆ. ಆ ಪುಡಿ ಬಿರುಕಿನೊಳಗೆ ಇಳಿದು ಬಾಯಿ ಮುಚ್ಚುತ್ತೆ. ಮೇಲೆ ಒಣ ಮಣ್ಣಿನ ಹೊದಿಕೆ ಆಗಿ, ಕೆಳಗಿನ ಹಸಿ ಬಿಸಿಲಿಗೆ ಹಾರುವುದು ತಗ್ಗುತ್ತೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಇಷ್ಟು ಬೆಲೆ ಇಲ್ಲ.

ನಿನ್ನ ಏಳು ತಿಂಗಳೂ ಹಾಗೇ. ಹೊಸದನ್ನು ಬಿತ್ತಬೇಡ, ಇದ್ದದ್ದು ಹಾರಿಹೋಗುವ ಬಿರುಕು ಮುಚ್ಚು. ಹಳದಿ ಪೆನ್ನಿನಲ್ಲಿ ಗೆರೆ ಎಳೆದ ಸಾಲನ್ನೇ ಮತ್ತೆ ಮತ್ತೆ ಓದಿದರೆ ಗೊತ್ತಿದೆ ಅನಿಸುತ್ತೆ, ಪರೀಕ್ಷೆಯಲ್ಲಿ ಕೈಗೆ ಸಿಗಲ್ಲ. ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಹಾಳೆಯ ಮೇಲೆ ಬರಿ. ಆಮೇಲೆ ತೆರೆದು ನೋಡು. ಅದೇ ಪಾಠವನ್ನು ಮರುದಿನ ಒಂದು ಸಲ, ವಾರ ಬಿಟ್ಟು ಒಂದು ಸಲ, ತಿಂಗಳು ಬಿಟ್ಟು ಒಂದು ಸಲ ಹೀಗೆ ಬರಿ. ಹತ್ತು ತಾಸು ಬೇಕಾಗಿಲ್ಲ. ಆರು ತಾಸು ಹೀಗೆ ಕೂತರೆ ತಲೆ ಬಿಸಿಯಾಗುತ್ತೆ. ಉಳಿದ ಹೊತ್ತಿನಲ್ಲಿ ಎರಡು ಮಕ್ಕಳಿಗೆ ಟ್ಯೂಷನ್ ಹೇಳು. ರೂಮಿನ ಬಾಡಿಗೆಯ ಒಂದು ಪಾಲಾದರೂ ಬರುತ್ತೆ. ಇನ್ನೊಬ್ಬರಿಗೆ ಹೇಳಿಕೊಟ್ಟದ್ದು ನಮಗೂ ಮರೆಯಲ್ಲ.

ಆ ವರ್ಷ ನಮ್ಮ ಜೋಳ ಏನಾಯಿತು ಅಂತ ಕೇಳುತ್ತೀಯಲ್ಲ? ತೆನೆ ಬಂಪರ್ ಬಂತು ಅಂತ ಹೇಳಿದರೆ ಕಥೆ ಚೆಂದ ಆಗುತ್ತೆ. ಬರಲಿಲ್ಲ. ಕಾಳು ಅರ್ಧಕ್ಕರ್ಧ ಜೊಳ್ಳು. ಆದರೆ ಕಣಕಿ ಬಂತು. ಅಕ್ಕಪಕ್ಕದ ಎಷ್ಟೋ ಜನ ಮೇವಿಲ್ಲದೆ ಎತ್ತು ಮಾರಿದರು. ನಮ್ಮಪ್ಪ ಮಾರಲಿಲ್ಲ. ಮುಂದಿನ ಮಳೆ ಬಿದ್ದಾಗ ಹೂಡೋಕೆ ನಮ್ಮ ಹತ್ತಿರ ಎತ್ತು ಇದ್ದವು.

ಕೊನೆಗೆ, ಬಿಟ್ಟು ಹೋಗಲೇ ಅಂದೆಯಲ್ಲ. ಈಗ ಬೇಡ. ಆದರೆ ಒಂದು ತಾರೀಖು ಹಾಕಿಕೋ, ಗೋಡೆಯ ಕ್ಯಾಲೆಂಡರಿನಲ್ಲಿ. ಇಂತಿಷ್ಟು ತಿಂಗಳು, ಅಥವಾ ಇನ್ನು ಇಂತಿಷ್ಟು ಪರೀಕ್ಷೆ. ಅದು ಮುಗಿದ ಮೇಲೆ ಬೇರೆ ಕೆಲಸ ಹುಡುಕಿದರೆ ಅದನ್ನು ಸೋಲು ಅಂತ ಕರೆಯುವವರ ಮನೆಗೆ ನೀನು ಊಟಕ್ಕೆ ಹೋಗಬೇಕಾಗಿಲ್ಲ. ಕೋಚಿಂಗ್ ಸೆಂಟರಿನ ಗೋಡೆ ಮೇಲೆ ಪಾಸಾದವರ ಫೋಟೋ ಮಾತ್ರ ಇರುತ್ತೆ. ಮೂರನೇ ವರ್ಷಕ್ಕೆ ಊರಿಗೆ ಹೋಗಿ ಚೆನ್ನಾಗಿ ಬದುಕಿದವರ ಫೋಟೋ ಯಾರೂ ಹಾಕಲ್ಲ. ಈ ಭಾನುವಾರ ಅಪ್ಪನ ಫೋನ್ ಎತ್ತು. 58-62 ಅಂತ ಇದ್ದ ಹಾಗೇ ಹೇಳು. ಬೆಳೆ ನಿಲ್ಲೋದು ಏನು ಅಂತ ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಮೂರು ತಿಂಗಳಿಂದ ದಿನಾ ಬೆಳಿಗ್ಗೆ ವಾಕಿಂಗ್. ಮೊದಲು ನಾಲ್ಕು ಕಿಲೋ ಇಳಿಯಿತು. ಈಗ ಆರು ವಾರದಿಂದ ಒಂದು ಗ್ರಾಂ ಅಲುಗಿಲ್ಲ. ಶುಗರ್ ಇದೆ. ವಯಸ್ಸು 52. ಸುಮ್ನೆ ಕಾಲು ನೋಯಿಸಿಕೊಳ್ಳುವುದು ಯಾಕೆ ಅಂತ ಮನೆಯವರು ಕೇಳುತ್ತಾರೆ. (ಓದುಗರು, ರಾಣೆಬೆನ್ನೂರು)

ಅಕ್ಕೋರು: ನಾನು ಡಾಕ್ಟರ್ ಅಲ್ಲರೀ. ಗೊತ್ತಿದ್ದಷ್ಟು ಹೇಳ್ತೀನಿ. ಮೈ ಹಗುರಾದ ಮೇಲೆ ಅದೇ ದಾರಿ ನಡೆಯಲು ಮೊದಲಿನಷ್ಟು ಶಕ್ತಿ ಖರ್ಚಾಗಲ್ಲ. ಹಾಗಾಗಿ ಮುಳ್ಳು ಒಂದು ಕಡೆ ನಿಲ್ಲುವುದು ಸಹಜ. ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿ, ಬೆಲ್ಟಿನ ತೂತು ನೋಡಿ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ನಿಮ್ಮ ಡಾಕ್ಟರಿಗೆ ತೋರಿಸಿ. ತಕ್ಕಡಿಯಲ್ಲಿ ಕಾಣದ್ದು ಅಲ್ಲಿ ಕಾಣಬಹುದು. ಇನ್ನೊಂದು ಮಾತು, ನಿಮ್ಮೂರಿನವರ ಮೇಲಿನ ಪ್ರೀತಿಯಿಂದಲೇ ಕೇಳ್ತೀನಿ. ವಾಕಿಂಗ್ ಮುಗಿಸಿ ವಾಪಸ್ ಬರುವ ದಾರಿಯಲ್ಲಿ ಗಿರ್ಮಿಟ್ಟು, ಮಿರ್ಚಿ ಇಲ್ಲ ತಾನೇ?

ಪ್ರಶ್ನೆ: ನನಗೆ 46. ಮಕ್ಕಳು ದೊಡ್ಡವರಾದ ಮೇಲೆ ಹಿಂದೂಸ್ತಾನಿ ಗಾಯನ ಕಲಿಯಲು ಸೇರಿದೆ. ಎರಡು ವರ್ಷವಾಯಿತು. ಹತ್ತು ತಿಂಗಳಿಂದ ಗುರುಗಳು ಭೂಪ್ ರಾಗ ಬಿಟ್ಟು ಮುಂದೆ ಹೋಗುತ್ತಿಲ್ಲ. ನನ್ನ ಜೊತೆ ಬೇರೆ ಕಡೆ ಸೇರಿದ ಗೆಳತಿ ಆಗಲೇ ಆರು ರಾಗ ಹಾಡುತ್ತಾಳೆ. ನನಗೋ, ದಿನದಿನಕ್ಕೆ ನನ್ನ ದನಿ ಕೆಡುತ್ತಿದೆ ಅನಿಸುತ್ತಿದೆ. ಮೊದಲು ಚೆನ್ನಾಗಿ ಹಾಡುತ್ತಿದ್ದೆ. (ಓದುಗಿ, ಕೇಶ್ವಾಪುರ, ಹುಬ್ಬಳ್ಳಿ)

ಅಕ್ಕೋರು: ನಾನು ಹಾಡುವವಳಲ್ಲ, ಕೇಳುವವಳು. ಧಾರವಾಡದಲ್ಲಿ ಇದ್ದ ಮೇಲೆ ಕೇಳದೇ ಇರೋಕೆ ಆಗುತ್ತಾ? ಕೇಳುವವಳಾಗಿಯೇ ನಿಮ್ಮ ಕೊನೆಯ ಸಾಲು ನನ್ನ ಕಣ್ಣಿಗೆ ಬಿತ್ತು. ಮೊದಲು ಚೆನ್ನಾಗಿ ಹಾಡುತ್ತಿದ್ದೆ ಅಂತೀರಿ. ನಿಜವಾಗಿ ಹಾಡುತ್ತಿದ್ದಿರಾ, ಅಥವಾ ಆಗ ಕಿವಿಗೆ ತಪ್ಪು ಕೇಳಿಸುತ್ತಿರಲಿಲ್ಲವಾ?

ಕಲಿಯುವಾಗ ಕಿವಿ ಮುಂದೆ ಓಡುತ್ತೆ, ಗಂಟಲು ಹಿಂದಿನಿಂದ ಬರುತ್ತೆ. ಗಾಂಧಾರ, ಅಂದರೆ ‘ಗ’ ಸ್ವರ, ಒಂದು ಕೂದಲೆಳೆಯಷ್ಟು ಕೆಳಗೆ ಬಿದ್ದರೂ ನಿಮಗೀಗ ಗೊತ್ತಾಗುತ್ತಿದೆ. ಎರಡು ವರ್ಷದ ಹಿಂದೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ದನಿ ಕೆಟ್ಟಿತು ಅನಿಸುತ್ತೆ. ಪರೀಕ್ಷೆ ಮಾಡಿ ನೋಡಿ. ಇವತ್ತು ಮೊಬೈಲಿನಲ್ಲಿ ಐದು ನಿಮಿಷ ಹಾಡಿ ರೆಕಾರ್ಡ್ ಮಾಡಿ. ಕೇಳಬೇಡಿ, ಹಾಗೇ ಇಡಿ. ಮುಂದಿನ ತಿಂಗಳು ಅದೇ ಬಂದಿಶ್, ಅಂದರೆ ಅದೇ ಹಾಡು. ಅದರ ಮುಂದಿನ ತಿಂಗಳೂ ಅದೇ. ಮೂರನ್ನೂ ಒಂದೇ ದಿನ ಕೂತು ಕೇಳಿ. ದಿನಾ ನೋಡುವವರಿಗೆ ಮಗು ಬೆಳೆದದ್ದು ಕಾಣಲ್ಲ, ಊರಿನಿಂದ ಬಂದ ಅತ್ತೆಗೆ ಬಾಗಿಲಲ್ಲೇ ಕಾಣುತ್ತೆ.

ಇನ್ನು ಭೂಪ್. ಐದೇ ಸ್ವರ: ಸಾ, ರೇ, ಗ, ಪ, ಧ. ನೋಡಲು ಸುಲಭ, ಮಕ್ಕಳಿಗೂ ಮೊದಲು ಅದನ್ನೇ ಹೇಳಿಕೊಡುತ್ತಾರೆ. ಆದರೆ ಇದೇ ಐದು ಸ್ವರ ದೇಶಕಾರ್ ರಾಗಕ್ಕೂ ಇವೆ. ಭೂಪಿನಲ್ಲಿ ಗಾಂಧಾರಕ್ಕೆ ಒತ್ತು, ದೇಶಕಾರಿನಲ್ಲಿ ಧೈವತಕ್ಕೆ, ಅಂದರೆ ‘ಧ’ ಸ್ವರಕ್ಕೆ. ಧೈವತದ ಮೇಲೆ ಒಂದು ಚಣ ಜಾಸ್ತಿ ನಿಂತರೆ ರಾತ್ರಿಯ ರಾಗ ಹೋಗಿ ಬೆಳಗಿನ ರಾಗ ಬಂದು ಕೂರುತ್ತೆ. ನಿಮ್ಮ ಗುರುಗಳು ಎಲ್ಲಿ ನಿಲ್ಲಬೇಕು, ಎಷ್ಟು ನಿಲ್ಲಬೇಕು ಅನ್ನೋದನ್ನು ಕಲಿಸುತ್ತಿರಬಹುದು. ಅದು ಆರು ರಾಗದ ಆರೋಹ-ಅವರೋಹ ಬಾಯಿಪಾಠ ಮಾಡಿದಷ್ಟು ಬೇಗ ಆಗುವುದಲ್ಲ. ಇರಬಹುದು ಅಂದೆ ನೋಡಿ. ಒಬ್ಬೊಬ್ಬ ಗುರುಗಳು ಸೋಮಾರಿತನಕ್ಕೂ ಮುಂದೆ ಹೋಗದೇ ಇರುತ್ತಾರೆ. ಅದನ್ನು ತಿಳಿಯೋಕೆ ಒಂದೇ ದಾರಿ, ಕೇಳೋದು. ‘ಹೊಸ ರಾಗ ಯಾವಾಗ?’ ಅಂತ ಕೇಳಬೇಡಿ. ‘ಗುರುಗಳೇ, ಭೂಪಿನಲ್ಲಿ ನನ್ನದು ಇನ್ನೂ ಏನು ಸರಿಯಾಗಬೇಕು?’ ಅಂತ ಕೇಳಿ. ಒಳ್ಳೆಯ ಗುರುವಿನ ಹತ್ತಿರ ಆ ಪ್ರಶ್ನೆಗೆ ಸಿದ್ಧ ಉತ್ತರ ಇರುತ್ತೆ. ಬರೀ ‘ಮಾಡ್ರಿ, ಮಾಡ್ರಿ’ ಅಂದರೆ ಆಗ ಯೋಚಿಸಿ.

ಇಂಥ ಪ್ರಶ್ನೆಗೆ ನಮ್ಮ ಕಡೆ ಎಲ್ಲರೂ ದೊಡ್ಡವರ ಕಥೆ ಹೇಳುತ್ತಾರೆ. ಮಲ್ಲಿಕಾರ್ಜುನ ಮನಸೂರರಿಗೆ ಪದ್ಮಶ್ರೀ ಬಂದದ್ದು 1970ರಲ್ಲಿ, ಆಗ ಅವರಿಗೆ ಅರವತ್ತರ ಹತ್ತಿರ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಎಳೆಯ ವಯಸ್ಸಿನ ತೆಳು ದನಿ ಗಂಟಲ ಚಿಕಿತ್ಸೆಯ ಮೇಲೆ ದಪ್ಪವಾಯಿತು. ಆ ದಪ್ಪ ದನಿಯಲ್ಲೇ ಅವರು ಹಾಡಿದರು. ಎಲ್ಲ ನಿಜ. ಆದರೆ ಇದನ್ನು ಸಮಾಧಾನಕ್ಕೆ ಹೇಳುವುದು ನನಗೆ ಅಷ್ಟಾಗಿ ಸರಿ ಕಾಣಲ್ಲ. ನಮಗೆ ಕಥೆಯ ಕೊನೆ ಗೊತ್ತಿದೆ. ಕುಂದಗೋಳದಿಂದ ಸಂಜೆ ವಾಪಸ್ ಬರುವ ರೈಲಿನಲ್ಲಿ ಕೂತಿದ್ದ ಆ ಹೆಣ್ಣುಮಗಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅಡುಗೆ, ಮಕ್ಕಳು, ದುಡ್ಡಿನ ತಾಪತ್ರಯ. ಆ ದಿನ ಕಲಿತ ಒಂದು ತುಣುಕು ಬಾಯಲ್ಲಿ. ಮನೆ ಬರುವವರೆಗೆ ಅದು ಮರೆಯಬಾರದು ಅನ್ನುವುದಷ್ಟೇ ಆ ಹೊತ್ತಿನ ಚಿಂತೆ ಇದ್ದಿರಬೇಕು ಅಂತ ನನಗನಿಸುತ್ತೆ.

ನೀವು ಹುಬ್ಬಳ್ಳಿಯಲ್ಲೇ ಇದ್ದೀರಿ. ಕುಂದಗೋಳ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ಅಲ್ಲಿನ ನಾಡಗೀರ ವಾಡೆಯಲ್ಲಿ ನಡೆಯುತ್ತೆ. ಒಮ್ಮೆ ಹೋಗಿ ನೆಲದ ಮೇಲೆ ಕೂತು ರಾತ್ರಿ ಪೂರ್ತಿ ಕೇಳಿ. ಗೆಳತಿಯನ್ನೂ ಕರೆದುಕೊಂಡು ಹೋಗಿ. ಭೂಪ್ ಬಂದಾಗ ಯಾರು ಮೊದಲು ಕತ್ತು ಎತ್ತುತ್ತಾರೋ ನೋಡೋಣ.

ಪ್ರಶ್ನೆ: ಅಕ್ಕೋರೇ, ನಾನು ಮತ್ತು ನಮ್ಮ ನೆಗೆಣ್ಣಿ ಸೇರಿ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಮನೆಗಳಿಗೆ ಕೊಡುತ್ತೇವೆ. ಮೊದಲ ವರ್ಷ ಐವತ್ತರಿಂದ ನೂರು, ನೂರರಿಂದ ಇನ್ನೂರು ಆಯಿತು. ಒಂದು ವರ್ಷದಿಂದ ದಿನಕ್ಕೆ ಇನ್ನೂರು ದಾಟುತ್ತಿಲ್ಲ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದರೆ ಒಂಬತ್ತಕ್ಕೆ ಮುಗಿಸುತ್ತೇವೆ. ಎಷ್ಟು ಕಷ್ಟಪಟ್ಟರೂ ಮುಂದಕ್ಕೆ ಹೋಗುತ್ತಿಲ್ಲ. ನಮ್ಮ ದೆಸೆಯೇ ಸರಿಯಿಲ್ಲ ಅನಿಸುತ್ತೆ. (ಓದುಗಿ, ಬೆಟಗೇರಿ, ಗದಗ)

ಅಕ್ಕೋರು: ತಂಗೀ, ನಿನ್ನ ಪತ್ರ ಓದಿ ನಾನು ಕಾಗದದ ಅಂಚಿನಲ್ಲೇ ಲೆಕ್ಕ ಹಾಕಿದೆ. ಐದರಿಂದ ಒಂಬತ್ತು, ನಾಲ್ಕು ತಾಸು. 240 ನಿಮಿಷ. ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಉಬ್ಬಿಸಿ ತೆಗೆಯಲು ಒಂದು ರೊಟ್ಟಿಗೆ ಎರಡೂವರೆ ನಿಮಿಷ ಹಿಡಿ. ಒಬ್ಬರಿಗೆ 96. ಇಬ್ಬರಿಗೆ 192. ನೀವು ಇನ್ನೂರು ಮಾಡುತ್ತಿದ್ದೀರಿ! ದೆಸೆಯನ್ನು ಯಾಕೆ ಬೈತೀಯ? ನಿಮ್ಮದು ನಿಂತದ್ದಲ್ಲ, ತುಂಬಿದ್ದು. ಕೊಡ ತುಂಬಿದ ಮೇಲೆ ಎಷ್ಟು ಸೇದಿ ಹಾಕಿದರೂ ಹೊರಗೇ ಚೆಲ್ಲುತ್ತೆ.

ಇಲ್ಲಿ ‘ಇನ್ನೂ ಕಷ್ಟಪಡು’ ಅಂತ ಹೇಳುವವರನ್ನು ದೂರ ಇಡು. ನಾಲ್ಕಕ್ಕೆ ಏಳು, ಮೂರಕ್ಕೆ ಏಳು ಅಂತ ಹೇಳುತ್ತಾರೆ. ಮಣಿಕಟ್ಟು ಹೋದರೆ ಯಾರು ಬಡಿದುಕೊಡುತ್ತಾರೆ? ಇನ್ನೊಂದು ಹಂಚು, ಮೂರನೇ ಜೊತೆ ಕೈ ಬೇಕು. ಓಣಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಕೂಲಿ ಕೊಟ್ಟು ಕರೆದುಕೊಳ್ಳಲು ಲೆಕ್ಕ ಕೂಡುತ್ತಾ ನೋಡು. ಜೋಳ, ಬೀಸುವ ಕೂಲಿ, ಗ್ಯಾಸು, ಅವಳ ಪಗಾರ ಎಲ್ಲ ಕಳೆದು ಒಂದು ರೊಟ್ಟಿಗೆ ನಿನಗೆ ಎಷ್ಟು ಉಳಿಯುತ್ತೆ? ಈ ಸಂಖ್ಯೆ ನಿನ್ನ ಪತ್ರದಲ್ಲಿ ಇಲ್ಲ. ಇನ್ನೂರು ಅನ್ನುವ ಸಂಖ್ಯೆ ಮಾತ್ರ ಇದೆ. ಎಷ್ಟೋ ಸಲ ನಾವು ಎಣಿಸಬಾರದ್ದನ್ನು ಎಣಿಸುತ್ತಾ ಅಳುತ್ತೇವೆ.

ಜನ ಸಿಗಲಿಲ್ಲ ಅಂದರೂ ದಾರಿ ಇದೆ. ಮೆತ್ತನೆ ರೊಟ್ಟಿಗೆ ಬೆಳಗಿನ ಅವಸರ. ಕಟಿ ರೊಟ್ಟಿಗೆ ಅವಸರ ಇಲ್ಲ, ಚೆನ್ನಾಗಿ ಒಣಗಿಸಿದರೆ ವಾರಗಟ್ಟಲೆ ಇರುತ್ತೆ. ಮಧ್ಯಾಹ್ನದ ಬಿಡುವಿನಲ್ಲಿ ಮಾಡಿಡಬಹುದು. ಬೆಂಗಳೂರಿನಲ್ಲಿ ಇರುವ ನಮ್ಮ ಕಡೆಯ ಮಕ್ಕಳು ಊರಿಗೆ ಬಂದಾಗ ಕಟ್ಟಿಸಿಕೊಂಡು ಹೋಗುವುದು ಅದನ್ನೇ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಪೊಟ್ಟಣ ಮಾಡು. ರೊಟ್ಟಿ ಇನ್ನೂರೇ ಇರಲಿ, ಗಿರಾಕಿಯ ಕೈಚೀಲ ದಪ್ಪ ಆಗುತ್ತೆ.

ಒಂದೇ ಒಂದು ಎಚ್ಚರಿಕೆ. ಹೆಚ್ಚಿಸುವ ಭರದಲ್ಲಿ ತಿಂಗಳ ಹಿಟ್ಟು ಒಟ್ಟಿಗೆ ಬೀಸಿಸಬೇಡ. ಹಳೇ ಹಿಟ್ಟಿಗೆ ಜಿಗಿ ಇರಲ್ಲ, ಬಡಿಯುವಾಗ ಅಂಚು ಸೀಳುತ್ತೆ. ಇದನ್ನು ನಿನಗೆ ಹೇಳಬೇಕಾಗಿಲ್ಲ, ಆದರೂ ನನ್ನ ಕೈಯಲ್ಲೇ ಸೀಳಿದ ರೊಟ್ಟಿಗಳ ನೆನಪಿನಿಂದ ಹೇಳಿದೆ.

ಪ್ರಶ್ನೆ: ನೀವು ಎಲ್ಲರಿಗೂ ಬುದ್ಧಿ ಹೇಳ್ತೀರಿ ಅಕ್ಕೋರೇ. ನಿಮಗೆ ಯಾವಾಗಾದರೂ ಹೀಗೆ ಎಲ್ಲ ನಿಂತು ಹೋದ ಹಾಗೆ ಆಗಿತ್ತಾ? ಆಗ ನೀವು ಏನು ಮಾಡಿದಿರಿ? ಸುಳ್ಳು ಹೇಳಬಾರದು. (ಕಾಲೇಜು ವಿದ್ಯಾರ್ಥಿನಿ, ಮುಂಡರಗಿ)

ಅಕ್ಕೋರು: ಸುಳ್ಳು ಹೇಳಲ್ಲ ಮಗಳೇ. ನಾನು ಬಿಟ್ಟೇಬಿಟ್ಟಿದ್ದೆ.

ನಿವೃತ್ತಿ ಆದ ಮೇಲೆ ಕಸೂತಿ ಕಲಿಯಬೇಕು ಅಂತ ಹಠ ಹಿಡಿದೆ. ನಮ್ಮವ್ವನಿಗೆ ಬರುತ್ತಿತ್ತು. ಆಗ ನಾನು ಬೀಜಗಣಿತದ ಗುಂಗಿನಲ್ಲಿದ್ದೆ, ಕಲಿಯಲಿಲ್ಲ. ಓಣಿಯ ಅಜ್ಜಿಯೊಬ್ಬರು ಹೇಳಿಕೊಡಲು ಒಪ್ಪಿದರು. ತಮ್ಮದೇ ಒಂದು ಸೂಜಿಯನ್ನೂ ಕೊಟ್ಟರು. ನಾನು ಮಹಾ ಧೈರ್ಯದಿಂದ ಕಪ್ಪು ಸೀರೆಯ ಸೆರಗಿಗೇ ಕೈ ಹಾಕಿದೆ. ಹನ್ನೊಂದು ಗೋಪುರದ ಸಾಲು.

ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ನೂಲಿನ ಎಳೆ ಎಣಿಸಿಯೇ ಹಾಕಬೇಕು. ಕಪ್ಪು ಬಟ್ಟೆಯಲ್ಲಿ ಎಳೆ ಕಾಣಲ್ಲ. ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಂಡರೆ ಸಂದಿಯಿಂದ ಸ್ವಲ್ಪ ಬೆಳಕು ಕಾಣುತ್ತೆ. ಗವಂತಿ ಹೊಲಿಗೆ ಅಂದರೆ, ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಬಿಟ್ಟು, ಒಂದು ಹಾಕಿ ಒಂದು ಬಿಟ್ಟು ಹೋಗಬೇಕು. ಇರುವೆ ಸಾಲು ಕಡಿದು ಹೋದ ಹಾಗೆ ಕಾಣುತ್ತೆ. ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರಬೇಕು. ಗಂಟು ಹಾಕುವ ಹಾಗಿಲ್ಲ. ಸರಿಯಾದರೆ ಸೆರಗಿನ ಎರಡೂ ಮಗ್ಗುಲು ಒಂದೇ ಥರ ಕಾಣುತ್ತೆ.

ಮೂರು ಗೋಪುರ ಆಯಿತು. ನಾಲ್ಕನೆಯದರಲ್ಲಿ ವಾಪಸ್ ಬರುವಾಗ ಕಳಸದ ತುದಿ ಕೂಡಲೇ ಇಲ್ಲ. ಎಲ್ಲೋ ಒಂದು ಎಳೆ ಎಣಿಕೆ ತಪ್ಪಿದೆ. ಗಣಿತದ ಟೀಚರು, ಒಂದರಿಂದ ನಾಲ್ಕರವರೆಗೆ ಎಣಿಸಲು ಬರಲಿಲ್ಲ! ಬಿಚ್ಚಿದೆ, ಹಾಕಿದೆ. ಮತ್ತೆ ತಪ್ಪಿತು. ಮೂರು ವಾರ ಹೀಗೇ ಆಯಿತು. ತಪ್ಪು ಮೊದಲ ಗೋಪುರದಿಂದಲೇ ಬಂದಿದೆ, ಎಲ್ಲ ಬಿಚ್ಚಬೇಕು ಅಂತ ನನಗೆ ನಾನೇ ತೀರ್ಮಾನ ಮಾಡಿಕೊಂಡೆ. ಸೂಜಿ ಚುಚ್ಚಿದ ಹಾಗೇ ಸೀರೆ ಮಡಚಿ ಟ್ರಂಕಿನೊಳಗೆ ಇಟ್ಟೆ. ಹದಿನಾಲ್ಕು ತಿಂಗಳು ಮುಟ್ಟಲಿಲ್ಲ. ಅಜ್ಜಿ ಎದುರಿಗೆ ಸಿಕ್ಕರೆ ಕಾಯಿಪಲ್ಲೆ ಗಾಡಿಯ ಆ ಕಡೆಯಿಂದ ಹೋಗುತ್ತಿದ್ದೆ.

ಮತ್ತೆ ಶುರು ಮಾಡಿದ್ದು ಯಾವ ಛಲದಿಂದಲೂ ಅಲ್ಲ. ಒಂದು ದಿನ ಅಜ್ಜಿ ಮನೆಗೇ ಬಂದರು. “ನನ್ನ ಸೂಜಿ ಕೊಡವಾ. ಮೊಮ್ಮಗಳಿಗೆ ಬೇಕಾಗೈತಿ,” ಅಂದರು. ಟ್ರಂಕು ತೆರೆಯಲೇಬೇಕಾಯಿತು. ಸೀರೆ ತಂದರೆ ಅವರು ಸೂಜಿಯ ಕಡೆ ನೋಡಲೇ ಇಲ್ಲ. ಸೆರಗು ತಿರುವಿ ಹಿಂದಿನ ಮಗ್ಗುಲು ನೋಡಿದರು. ಕನ್ನಡಕ ಏರಿಸಿ, ಉಗುರಿನ ತುದಿಯಿಂದ ಎಳೆ ಎಣಿಸುತ್ತಾ ಹೋದರು. ನಾನು ಚಹಾ ಮಾಡಲು ಎದ್ದೆ, ಮುಖ ತೋರಿಸಲು ಆಗದೆ.

“ಮೂರೂ ಸರಿ ಅದಾವಲ್ಲ,” ಅಂದರು ಅಲ್ಲಿಂದಲೇ. “ನಾಕನೇದರ ಬುಡಕ ಒಂದ ಎಳಿ ತಪ್ಪೈತಿ. ಅದೊಂದ ಬಿಚ್ಚು. ಎಲ್ಲಾ ಯಾಕ ಬಿಚ್ಚತಿ?”

ಬಿಚ್ಚಲು ಹತ್ತು ನಿಮಿಷ ಹಿಡಿಯಿತು. ಹದಿನಾಲ್ಕು ತಿಂಗಳು ನಾನು ಹೆದರಿಕೊಂಡು ಕೂತದ್ದು ಆ ಹತ್ತು ನಿಮಿಷದ ಕೆಲಸಕ್ಕೆ.

ಸೀರೆ ಇನ್ನೂ ಮುಗಿದಿಲ್ಲ. ನಡುವೆ ಕಣ್ಣಿನ ಪೊರೆ ತೆಗೆಸಿಕೊಂಡೆ, ಮಗಳ ಬಾಣಂತನ ಬಂತು. ಏಳು ಗೋಪುರ ಆಗಿವೆ. ಎಂಟನೆಯದರಲ್ಲಿ ಹೋಗುವ ದಾರಿ ಮುಗಿದು, ವಾಪಸ್ ಬರುವ ದಾರಿಯಲ್ಲಿ ಅರ್ಧಕ್ಕೆ ಸೂಜಿ ನಿಂತಿದೆ. ಅಜ್ಜಿಯ ಸೂಜಿಯೇ. ಅವತ್ತು ಚಹಾ ಕುಡಿದು ಹಾಗೇ ಹೋದರು, ಅದನ್ನು ಮತ್ತೆ ಕೇಳಲೇ ಇಲ್ಲ.